ಬೇರೆ ಲೋಟ

ಆರನೆಯ ದಿನವೂ ಲೋಟ ಬೇರೆಯೇ ಇತ್ತು. ಸಿಂಕಿನ ಎಡಕ್ಕೆ ಅನಸೂಯಾ ಆಂಟಿಯ ಸ್ಟೀಲ್ ಲೋಟ, ತಟ್ಟೆ, ಚಮಚ. ಬಲಕ್ಕೆ ಸುಗುಣಾಳ ಹಸಿರು ಪ್ಲಾಸ್ಟಿಕ್ ಮಗ್ಗು. ನಡುವೆ ಒಂದು ಮೊಳ ಜಾಗ.

2007ರ ಜುಲೈ. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಎರಡು ವರ್ಷ ಒಂದೇ ವಾರ್ಡಿನಲ್ಲಿ ದುಡಿದಿದ್ದ ಸುಗುಣಾ, ಹದಿಮೂರು ವಾರಗಳ ಏಜೆನ್ಸಿ ನರ್ಸ್ ಆಗಿ ಸಿಡ್ನಿಗೆ ಬಂದಿದ್ದಳು. ಬೆಳಗಿನ ಐದೂವರೆಗೆ ಫೋನು ಬರುತ್ತಿತ್ತು. ಇವತ್ತು ಯಾವ ಆಸ್ಪತ್ರೆ, ಯಾವ ವೃದ್ಧಾಶ್ರಮ ಎಂಬುದು ಆಗಲೇ ಗೊತ್ತಾಗುವುದು. ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿ ಅನಸೂಯಾ ಆಂಟಿಯ ಮನೆಯ ಈ ಕೋಣೆ ಕೊಡಿಸಿದ್ದು ಅವರ ಮಗಳು, ಮೆಲ್ಬರ್ನ್‌ನ ಗೆಳತಿ ಸಂಯುಕ್ತಾ. “ಅಮ್ಮ ಒಬ್ರೇ ಇದಾರೆ ಕಣೇ. ಯಾರೂ ಬೇಡ ಅಂತಿದ್ರು. ನಾನೇ ಜೋರು ಮಾಡಿ ಒಪ್ಪಿಸ್ದೆ,” ಎಂದಿದ್ದಳು.

ಯಾಕೆ ಬೇಡವೆಂದಿದ್ದರು ಎಂಬುದು ಬಂದ ದಿನವೇ ತಿಳಿಯಿತು. ಕೈಯಲ್ಲಿ ಹೂಗುಚ್ಛ, ಒಂದು ಗೊಂಚಲು ದ್ರಾಕ್ಷಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೂವನ್ನು ಆಂಟಿ ಮೆಟ್ಟಿಲ ಮೇಲೆಯೇ ಇಡಿಸಿದರು. ದ್ರಾಕ್ಷಿ ಮುಟ್ಟಲಿಲ್ಲ. “ದೂರ ನಿಂತ್ಕೊಳ್ಳಮ್ಮ, ಬೇಜಾರು ಮಾಡ್ಕೋಬೇಡ. ಡ್ಯೂಟಿಯಿಂದ ಬಂದ್ರೆ ಮೊದಲು ಸ್ನಾನ. ಆಮೇಲೆ ಅಡುಗೆಮನೆ.” ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು, ಮಡಿ ಹೆಂಗಸರು ಮಿಂದು ಬಂದು ಸುತ್ತಿಕೊಳ್ಳುವ ಹಾಗೆ. ಹುಬ್ಬನ್ನು ಮಾತ್ರ ಪೆನ್ಸಿಲಿನಲ್ಲಿ ತೀಡಿದ್ದರು. ಮಡಿಗೆ ಮೇಕಪ್ಪು ಅಡ್ಡಿಯಿಲ್ಲವಲ್ಲ ಎಂದುಕೊಂಡಳು ಸುಗುಣಾ.

ಮರುದಿನ ಗುರುವಾರ. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಹೋದ ಆಂಟಿ ಸಂಜೆ ಬಂದು ಮಲಗಿದವರು, ಎರಡು ದಿನ ಬರೀ ಗಂಜಿ ಕುಡಿದರು. ಕೇಳಿದರೆ ವ್ರತವೆಂದರು. ತನ್ನ ಬಟ್ಟೆ ಮುಟ್ಟಬಾರದು, ತನ್ನ ಬಾತ್‌ರೂಮಿಗೆ ಕಾಲಿಡಬಾರದು ಎಂದರು. ಹಸಿ ತರಕಾರಿ ತಿನ್ನುವುದಿಲ್ಲ, ಹೊರಗಿನದು ಬೇಡವೇ ಬೇಡ. ಕುಡಿಯುವುದು ಕುದಿಸಿ, ಆರಿಸಿ, ಮುಚ್ಚಿಟ್ಟ ಪಾತ್ರೆಯ ನೀರು ಮಾತ್ರ.

ಸುಗುಣಾಳಿಗೆ ಇದು ಹೊಸದಲ್ಲ. ಉಡುಪಿಯ ಕಡೆ ಒಂದು ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವಳ ಅಮ್ಮನಿಗೆ ಕಾಫಿ ಸಿಗುತ್ತಿದ್ದುದು ತೆಂಗಿನ ಗೆರಟೆಯಲ್ಲಿ, ಎತ್ತರದಿಂದ ಹುಯ್ದು. ಬಿಸಿ ಹನಿ ಕೈಗೆ ಸಿಡಿದರೂ ಅಮ್ಮ ಮಾತಾಡುತ್ತಿರಲಿಲ್ಲ. ಆ ಮೌನ ಮಗಳಿಗೆ ಇನ್ನೂ ಜೀರ್ಣವಾಗಿರಲಿಲ್ಲ. ಗೆರಟೆ ಈಗ ಹಸಿರು ಮಗ್ಗಾಗಿ ಕಡಲು ದಾಟಿ ಬಂದಿದೆ. ಮಲ, ಕೀವು, ಕಫ, ಯಾವುದಕ್ಕೂ ಹೇಸದ ಸುಗುಣಾ ಆ ಮಗ್ಗನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಎತ್ತುತ್ತಿದ್ದಳು.

ಹನ್ನೊಂದನೆಯ ದಿನ ಏಜೆನ್ಸಿ ಅವಳನ್ನು ಒಂದು ವೃದ್ಧಾಶ್ರಮಕ್ಕೆ ಕಳಿಸಿತು. ಅಲ್ಲಿ ಹದಿನೇಳು ಮಂದಿಗೆ ವಾಂತಿಭೇದಿ. ಎಂಟು ಗಂಟೆ ಹಾಸಿಗೆ ಬದಲಿಸಿ, ನೆಲ ಒರೆಸಿ, ಅದೇ ಯೂನಿಫಾರ್ಮಿನಲ್ಲಿ ಮನೆಗೆ ಬಂದಳು. ಅಡುಗೆಮನೆಯಲ್ಲಿದ್ದ ಆಂಟಿ ಅವಳನ್ನು ನೋಡಿ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು.

“ದೂರ ನಿಂತ್ಕೊಳ್ಳಮ್ಮ. ಮೊದಲು ಸ್ನಾನ.”

“ಎಂತ ಆಂಟಿ, ನಾನು ಮುಟ್ಟಿದ್ರೆ ನಿಮಗೆ ಎಂತ ಆಗ್ತದೆ?”

ಆಂಟಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಕೊನೆಗೆ, “ಸಂಯುಕ್ತಾಗೆ ಮಾತ್ರ ಏನೂ ಹೇಳ್ಬೇಡಮ್ಮ. ಅವಳಿಗೀಗ ಏಳು ತಿಂಗಳು,” ಎಂದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು.

ಮಗಳ ಎದುರಿಗಾದರೂ ನಾಚಿಕೆಯಿದೆಯಲ್ಲ, ಎಂದುಕೊಂಡಳು ಸುಗುಣಾ. ಕೈ ತೊಳೆಯಲಿಲ್ಲ. ಆ ಸ್ಟೀಲ್ ಲೋಟ ಎತ್ತಿಕೊಂಡಳು. ನೀರಿನ ಪಾತ್ರೆಯ ಮುಚ್ಚಳ ತೆಗೆದು, ಮಣಿಕಟ್ಟಿನವರೆಗೂ ಕೈ ಮುಳುಗಿಸಿ ಒಂದು ಲೋಟ ಮೊಗೆದಳು. ನಿಧಾನವಾಗಿ ಕುಡಿದಳು. ಲೋಟವನ್ನು ಒರೆಸದೆ ಎಡಕ್ಕೇ ಇಟ್ಟಳು. ಪಾತ್ರೆಯನ್ನು ಮೊದಲಿನಂತೆ ಮುಚ್ಚಿದಳು. ಅಮ್ಮನ ಪಾಲಿನ ಲೆಕ್ಕವೂ ತೀರಿತು ಎನ್ನಿಸಿತು. ಅರ್ಧ ಗಂಟೆಯಲ್ಲಿ ಸೂಟ್‌ಕೇಸು ತುಂಬಿಕೊಂಡು ಬ್ಲ್ಯಾಕ್‌ಟೌನಿನ ಒಂದು ಬಾಡಿಗೆ ಕೋಣೆಗೆ ಹೊರಟಳು. ಆಂಟಿಯ ಬಾಗಿಲು ಮುಚ್ಚಿಯೇ ಇತ್ತು. ತಟ್ಟಲಿಲ್ಲ.

ನಾಲ್ಕು ದಿನ ಬಿಟ್ಟು ಏಜೆನ್ಸಿಯ ಫೋನು ಅವಳನ್ನು ಒಂದು ದೊಡ್ಡ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗೆ ಕಳಿಸಿತು. ಇಂಥ ಕೆಲಸ ಸಿಗುವುದೇ ಅಪರೂಪ. ಇಲ್ಲಿ ಹೆಸರು ಗಳಿಸಿದರೆ ಸಿಡ್ನಿ ತನ್ನದಾದಂತೆ ಎಂದು ಉತ್ಸಾಹದಿಂದಲೇ ಹೋದಳು. ಡ್ಯೂಟಿ ಬಿಟ್ಟುಕೊಡುತ್ತಿದ್ದ ನರ್ಸ್ ಆರನೆಯ ಕೋಣೆಯ ವಿವರ ಹೇಳಿದಳು. ಕೀಮೋ ನಡೆಯುತ್ತಿದೆ, ರಕ್ತದಲ್ಲಿ ಸೋಂಕು ತಡೆಯುವ ಬಿಳಿಕಣಗಳೇ ಇಲ್ಲ. ಅದರ ಮೇಲೆ ವಾಂತಿಭೇದಿ, ಜ್ವರ. ಇವತ್ತು ದಾಟಿದರೆ ಹೆಚ್ಚು. ಆಸ್ಪತ್ರೆಗಲ್ಲದೆ ಮನೆಯಿಂದ ಹೊರಗೇ ಹೋಗದವರಿಗೆ ಎಲ್ಲಿಂದ ಅಂಟಿತೋ ಗೊತ್ತಿಲ್ಲ.

ಆರನೆಯ ಕೋಣೆಯ ಬಾಗಿಲಿಗೆ ಸೂಚನೆ ಅಂಟಿಸಿತ್ತು. ಕೈ ತೊಳೆದು ಒಳಗೆ ಬನ್ನಿ. ಹೂ ತರಬೇಡಿ. ಹಸಿ ಹಣ್ಣು, ತರಕಾರಿ ಬೇಡ. ರೋಗಿಯ ಲೋಟ, ತಟ್ಟೆ ಬೇರೆಯಿರಲಿ. ರೋಗಿಯ ಬಟ್ಟೆಯನ್ನು ಕೈಗವಸಿಲ್ಲದೆ ಮುಟ್ಟಬೇಡಿ. ಸುಗುಣಾ ಅದನ್ನು ಎರಡು ಸಲ ಓದಿದಳು. ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಾಗಿಲು ತಳ್ಳಿದಳು. ದಿಂಬಿನ ಮೇಲೆ ಒಂದೂ ಕೂದಲಿಲ್ಲದ ತಲೆ. ಹುಬ್ಬಿಲ್ಲದ ಹಣೆಯ ಕೆಳಗೆ ಎರಡು ಕಣ್ಣು ತೆರೆದವು.

“ಸುಗುಣಾನಾ?” ಎಂದರು ಅನಸೂಯಾ ಆಂಟಿ. “ದೂರ ನಿಂತ್ಕೊಳ್ಳಮ್ಮ, ನನ್ನಿಂದ ನಿನಗೆ ಅಂಟ್ಬಿಟ್ಟೀತು.”