ಕುರ್ಚಿ ಕಾಲಿನ ಕ್ಲಿಪ್ಪು

ಐವತ್ನಾಲ್ಕು ದಾಟಿದರೂ ನಾನು ಅಪ್ಪನೆದುರು ಸಿಗರೇಟು ಸೇದಿದವನಲ್ಲ. ಇದನ್ನು ನಾನು ಸಂಸ್ಕಾರ ಎನ್ನುತ್ತೇನೆ, ಹೆಂಡತಿ ಪುಕ್ಕಲುತನ ಎನ್ನುತ್ತಾಳೆ.

ಅದಕ್ಕೇ ಆ ಸ್ಟೀಲಿನ ಕ್ಲಿಪ್ಪು ತರಿಸಿದ್ದು. ಬಾಲ್ಕನಿಯ ಕಬ್ಬಿಣದ ಕುರ್ಚಿಯ ಹಿಂಗಾಲಿಗೆ ಕಚ್ಚಿಸಿದರೆ ಉರಿಯುವ ಸಿಗರೇಟನ್ನು ಹಿಡಿದುಕೊಂಡಿರುತ್ತದೆ. ಮಡಚಿಬಿಟ್ಟರೆ ಕಣ್ಣಿಗೇ ಬೀಳುವುದಿಲ್ಲ. ಅಪ್ಪನ ಊರುಗೋಲಿನ ಸದ್ದು ಕೇಳಿದ ಕೂಡಲೇ ಸಿಗರೇಟನ್ನು ಅದಕ್ಕೆ ಸಿಕ್ಕಿಸಿ, ಪೇಪರ್ ಬಿಡಿಸಿ ಕೂರುತ್ತಿದ್ದೆ. ಎರಡು ತಿಂಗಳಾದರೂ ಅದಕ್ಕೆ ಬೂದಿಯ ಕಲೆ ಹತ್ತಲಿಲ್ಲ. ಪ್ರತಿ ಸಂಜೆ ಹೊಸದರಂತೆ ಹೊಳೆಯುತ್ತಿತ್ತು. ಎಂಥಾ ಮಾಲು ಆರಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಿನ್ನೆ ಸಂಜೆ ಅಪ್ಪ ಬಂದವರು ಹೋಗಲೇ ಇಲ್ಲ, ಎದುರಿಗೇ ಕೂತರು. ನನ್ನ ಬೆನ್ನ ಹಿಂದಿನಿಂದ ಹೊಗೆ ಏಳುತ್ತಿತ್ತು.

"ಏನೋ ಅದು?" ಅಂದರು.

"ಸೊಳ್ಳೆ ಬತ್ತಿ, ಅಪ್ಪ."

ಅಪ್ಪ ಊರುಗೋಲನ್ನು ಗೋಡೆಗೆ ಒರಗಿಸಿದರು.

"ನನಗೇ ಅಂತ ಇನ್ನೊಂದು ಕ್ಲಿಪ್ಪು ತರಿಸಿಬಿಡೋ. ದಿನಾ ನೀನು ಆಫೀಸಿಂದ ಬರೋದ್ರೊಳಗೆ ಅದನ್ನ ತೊಳೆದಿಟ್ಟು ತೊಳೆದಿಟ್ಟು ನನಗೆ ಸಾಕಾಗಿದೆ."