ಬಿಟ್ಟುಕೊಟ್ಟ ಅನುದಾನ

ಮಳೆನೀರಿನ ಕಾಲುವೆಗಳಿಗೆಂದು ನಗರಸಭೆಗೆ ಬಂದ ಅನುದಾನ ಒಂದೇ ವಾರ್ಡಿಗೆ ಸಾಲುವಷ್ಟಿತ್ತು. ಸಭೆಯಲ್ಲಿ ಎಂಜಿನಿಯರಮ್ಮ ಪಟ್ಟು ಹಿಡಿದರು.

“ರಾಚಪ್ಪನವರೇ, ನಿಮ್ಮ ವಾರ್ಡಲ್ಲೇ ಕಾಲುವೆ ಎಲ್ಲೋ ಕಟ್ಕೊಂಡಿದೆ. ಉದ್ದಕ್ಕೂ ಅಗೆದು ನೋಡ್ಲೇಬೇಕು.”

ಸದಸ್ಯ ರಾಚಪ್ಪ ತಟ್ಟನೆ ಎದ್ದು ನಿಂತ. “ಬೇಡ ಮೇಡಂ. ಆ ದುಡ್ಡು ಕೆರೆಯಂಗಳದ ಬಡವರ ವಾರ್ಡಿಗೆ ಹೋಗ್ಲಿ.”

“ಮೊನ್ನೆ ನಿಮ್ಮೋರ ಮನೆಗಳಿಗೇ ಮಂಡಿಯುದ್ದ ನೀರು ನುಗ್ಗಿತ್ತಲ್ಲ?”

“ನಮ್ ಜನ ತಡ್ಕೋತಾರೆ. ಬರ್ಕೊಳ್ಳಿ.”

ಸದಸ್ಯರೆಲ್ಲ ಮೇಜು ಕುಟ್ಟಿದರು. ಇಂಥ ದೊಡ್ಡ ಮನಸ್ಸನ್ನು ತಾವು ಕಂಡಿಲ್ಲವೆಂದು ಅಧ್ಯಕ್ಷರು ಶಾಲು ಹೊದಿಸಿದರು.

ಆ ಶಾಲಿನಲ್ಲೇ ಮನೆಗೆ ಬಂದು ಕೂರುವಷ್ಟರಲ್ಲಿ ಮಳೆ ಜೋರಾಯಿತು. ಹೊಸದಾಗಿ ಕಟ್ಟಿಸಿದ ನಡುಮನೆಯ ಗ್ರಾನೈಟಿನ ಕೆಳಗೆ ನೀರು ಗುಳುಗುಳು ಎನ್ನತೊಡಗಿತು. ಹೆಂಡತಿ ಎಂದಿನಂತೆ ಟಿವಿಯ ಸದ್ದು ಹೆಚ್ಚಿಸಿದಳು.