ತಂಗಿಯ ಬ್ರೆಡ್ಡು

"ಕದ್ದು ತಿಂದು ಹೊಟ್ಟೆ ಹಿಡ್ಕೊಂಡು ಕೂತ್ರೆ ಡಾಕ್ಟರಾದ್ರೂ ಏನು ಮಾಡ್ತಾರೆ?" ಬೇಕರಿಯ ಹಿಂದಿನ ಕೋಣೆಯಲ್ಲಿ ಅಣ್ಣ ತಂಗಿಯ ಮೇಲೆ ಹರಿಹಾಯ್ದ. "ಗೋಧಿ, ಮೈದಾ ನಿಂಗೆ ಒಗ್ಗಲ್ಲ ಅಂತ ಅವರು ಹೇಳಿ ಆರು ತಿಂಗಳಾಯ್ತು. ಇನ್ನೂ ಭೇದಿ ನಿಂತಿಲ್ಲ. ಹ್ಯಾಂಗರಿಗೆ ಅಂಗಿ ತೂಗುಹಾಕಿದ ಹಾಗಿದೀಯ."

"ನಾನು ತಿಂದಿಲ್ಲ ಅಣ್ಣ."

"ಮತ್ತೆ ಭೇದಿ ಗಾಳೀಲಿ ಬಂತಾ? ನಿನಗೆ ಅಂತ್ಲೇ ದಿನಾ ಬೇರೆ ಪಾತ್ರೆ, ಬೇರೆ ತಟ್ಟೆ, ಅಕ್ಕಿಹಿಟ್ಟಿನ ಬ್ರೆಡ್ಡು. ಇಷ್ಟು ಮಾಡೋನ ಕಣ್ಣಿಗೇ ಮಣ್ಣೆರಚ್ತೀಯಲ್ಲ, ಕಳ್ಳಿ."

ತೂಕ ಇನ್ನೂ ಇಳಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದಾಗಿನಿಂದ ಅವನ ಎದೆಯಲ್ಲಿ ಭಯ ಕೂತಿತ್ತು. ಆ ಭಯವೇ ಬಾಯಲ್ಲಿ ಬೈಗುಳವಾಗಿ ಬರುತ್ತಿತ್ತು. ಬೈಯುತ್ತಲೇ ಅವಳ ಅಕ್ಕಿಹಿಟ್ಟಿನ ಉಂಡೆಯನ್ನು ಎತ್ತಿಕೊಂಡ. ಇಪ್ಪತ್ತು ವರ್ಷದ ಅಭ್ಯಾಸ. ಅಂಟದಿರಲೆಂದು ಕೈ ತಾನಾಗಿಯೇ ಪಕ್ಕದ ಡಬ್ಬಿಗೆ ಹೋಗಿ, ಚಿಟಿಕೆ ಹಿಟ್ಟು ತಂದು ಮಣೆಯ ಮೇಲೆ ಉದುರಿಸಿತು.

ತಂಗಿ ಅವನ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದಳು. "ಅದ್ಯಾವ ಹಿಟ್ಟು ಅಣ್ಣ?"

"ಯಾವುದು?" ಅವನು ತನ್ನ ಬೆರಳು ನೋಡಿಕೊಂಡ. ಡಬ್ಬಿ ನೋಡಿದ. "ಮೈದಾ," ಎಂದ.

"ದಿನಾ ಹಾಕ್ತೀಯಾ?"

ಅವನು ಮಣೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸತೊಡಗಿದ. ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು.

"ಆರು ತಿಂಗಳು ನನ್ನ ಕಳ್ಳಿ ಅಂದ್ಯಲ್ಲ," ಎಂದು ಮೆಲ್ಲಗೆ ಹೇಳಿ, ಅಂಗಡಿಯ ಮುಂಬಾಗಿಲಿನ ಮೆಟ್ಟಿಲಿಳಿದು ನಡೆದಳು. ಅವನು ಹಿಟ್ಟಿನ ಕೈಯಲ್ಲೇ ಓಡಿಬಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಆ ಮೆಟ್ಟಿಲನ್ನು ಮತ್ತೆ ಹತ್ತಲೂ ಇಲ್ಲ.